ಎಣ್ಣೆಯಿಂದ ನೀರು ಬಿಡಿಸುವ ಕೆಲಸ: ಡಿಮಲ್ಸಿಫೈಯರ್ ಬಗ್ಗೆ ಓದುಗರ ಪ್ರಶ್ನೆಗಳು

ಕಚ್ಚಾ ತೈಲ ಶುದ್ಧೀಕರಣದ ಬಗ್ಗೆ ಹಿಂದೆ ಬರೆದಾಗ ತೈಲದಲ್ಲಿ ಬೆರೆತ ನೀರನ್ನು ಬಿಡಿಸಲು ಹಾಕುವ ಡಿಮಲ್ಸಿಫೈಯರ್ ಅನ್ನೋ ರಾಸಾಯನಿಕದ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲಿನ ಬಗ್ಗೆಯೇ ಜಾಸ್ತಿ ಪ್ರಶ್ನೆಗಳು ಬಂದಿವೆ. ವಿದ್ಯಾರ್ಥಿಗಳು ಕೇಳಿದ್ದಾರೆ, ಘಟಕದಲ್ಲೇ ಕೆಲಸ ಮಾಡುವವರೂ ಕೇಳಿದ್ದಾರೆ. ಆದ್ದರಿಂದ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಎಣ್ಣೆ, ನೀರು ಬೆರೆಯುವುದಿಲ್ಲ ಅಂತ ಶಾಲೆಯಲ್ಲೇ ಕಲಿತಿದ್ದೇವೆ. ಟ್ಯಾಂಕಿನಲ್ಲಿ ಸುಮ್ನೆ ಬಿಟ್ಟರೆ ನೀರು ತಾನೇ ಕೆಳಗೆ ಇಳಿಯುತ್ತೆ ಅಲ್ವಾ? ಅದಕ್ಕೆ ಔಷಧಿ ಯಾಕೆ?

ಉತ್ತರ: ಇಳಿಯುತ್ತದೆ, ಆದರೆ ಎಲ್ಲ ನೀರೂ ಇಳಿಯುವುದಿಲ್ಲ. ದೊಡ್ಡ ಹನಿಗಳು ಟ್ಯಾಂಕಿನ ತಳ ಸೇರುತ್ತವೆ, ಅದನ್ನು ವಾಲ್ವ್ ತೆಗೆದು ಹೊರಗೆ ಬಿಡುತ್ತಾರೆ. ತೊಂದರೆ ಇರುವುದು ಸಣ್ಣ ಹನಿಗಳಲ್ಲಿ. ತೈಲ ಬಾವಿಯಿಂದ ಮೇಲೆ ಬರುವಾಗ, ಪಂಪು, ಪೈಪು, ವಾಲ್ವ್‌ಗಳ ಮೂಲಕ ನುಗ್ಗುವಾಗ ಅದರೊಳಗಿನ ನೀರು ಒಡೆದು ಒಡೆದು ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಹನಿಗಳಾಗಿಬಿಡುತ್ತದೆ. ಅಂಥ ಹನಿಗಳು ತೈಲದಲ್ಲಿ ಹರಡಿಕೊಂಡು ನಿಂತರೆ ಅದೇ ಎಮಲ್ಷನ್.

ಲೆಕ್ಕ ಹಾಕಿ ನೋಡಿ, ಆಗ ಗೊತ್ತಾಗುತ್ತದೆ. ನೀರಿಗಿಂತ ಹತ್ತು ಪಟ್ಟು ಮಂದವಾದ ತೈಲ, ಎರಡರ ಸಾಂದ್ರತೆಗೂ ಘನ ಮೀಟರಿಗೆ 100 ಕಿಲೋ ವ್ಯತ್ಯಾಸ ಅಂತ ಇಟ್ಟುಕೊಳ್ಳೋಣ. ಸ್ಟೋಕ್ಸ್ ನಿಯಮದ ಪ್ರಕಾರ 10 ಮೈಕ್ರಾನ್‌ನ ಹನಿ ಒಂದು ಗಂಟೆಗೆ ಸುಮಾರು 2 ಮಿಲಿಮೀಟರ್ ಇಳಿಯುತ್ತದೆ. ಒಂದು ಮೀಟರ್ ಇಳಿಯಲು ಮೂರು ವಾರ ಬೇಕು! ಅದೇ ಹನಿ 100 ಮೈಕ್ರಾನ್ ಆದರೆ? ವೇಗ ವ್ಯಾಸದ ವರ್ಗದಂತೆ ಏರುತ್ತದೆ, ಅಂದರೆ ನೂರು ಪಟ್ಟು. ಐದು ಗಂಟೆಯಲ್ಲಿ ಒಂದು ಮೀಟರ್. ತೈಲ ಬಿಸಿ ಮಾಡಿ ತೆಳ್ಳಗಾಗಿಸಿದರೆ ಇನ್ನೂ ಬೇಗ. ಹಾಗಾಗಿ ಇಡೀ ಕೆಲಸದ ಗುಟ್ಟು ಒಂದೇ: ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡದು ಮಾಡುವುದು.

ಸಣ್ಣ ಹನಿಗಳು ತಾವಾಗಿ ಕೂಡುವುದಿಲ್ಲ ಯಾಕೆ ಅಂದರೆ, ಪ್ರತಿ ಹನಿಯ ಸುತ್ತಲೂ ಬಲೂನಿನ ರಬ್ಬರಿನಂಥ ಒಂದು ಪೊರೆ ಇರುತ್ತದೆ. ಕಚ್ಚಾ ತೈಲದಲ್ಲೇ ಇರುವ ಅಸ್ಫಾಲ್ಟೀನ್ (ತೈಲದ ತೀರಾ ಭಾರದ ಅಣುಗಳು), ರೆಸಿನ್, ನ್ಯಾಫ್ತೆನಿಕ್ ಆಮ್ಲಗಳು, ಜೊತೆಗೆ ಮೇಣದ ಹರಳು, ಜೇಡಿಮಣ್ಣಿನ ಕಣ, ಕಬ್ಬಿಣದ ಸಲ್ಫೈಡ್‌ನ ಕರಿ ಪುಡಿ, ಇವೆಲ್ಲ ಹನಿಯ ಮೈಮೇಲೆ ಬಂದು ಅಂಟಿಕೊಂಡಿರುತ್ತವೆ. ಎರಡು ಹನಿ ಡಿಕ್ಕಿ ಹೊಡೆದರೂ ಪೊರೆಗೆ ಪೊರೆ ತಾಗಿ ದೂರ ಸರಿಯುತ್ತವೆ. ದಿನ ಕಳೆದಂತೆ ಈ ಪೊರೆ ಇನ್ನೂ ಗಟ್ಟಿಯಾಗುತ್ತದೆ, ಅದಕ್ಕೇ ಹಳೆಯ ಎಮಲ್ಷನ್ ಒಡೆಯುವುದು ಹೊಸದಕ್ಕಿಂತ ಕಷ್ಟ. ಡಿಮಲ್ಸಿಫೈಯರ್ ಮಾಡುವುದು ಈ ಪೊರೆಯನ್ನು ಸಡಿಲಿಸುವ ಕೆಲಸ. ಅಷ್ಟೇ ಅದರ ಕೆಲಸ. ಉಳಿದದ್ದನ್ನು ಶಾಖ, ಸಮಯ, ವಿದ್ಯುತ್ತು ಮಾಡಬೇಕು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳು ಸಲೀಸಾಗಿ ಅರ್ಥ ಆಗುತ್ತವೆ.

ಪ್ರಶ್ನೆ: ತೈಲವನ್ನು ಹೇಗಿದ್ದರೂ ಕಾಯಿಸುತ್ತಾರೆ. ಸ್ವಲ್ಪ ನೀರು ಉಳಿದರೆ ಆವಿಯಾಗಿ ಹೋಗುತ್ತೆ. ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಉತ್ತರ: ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ತೈಲದ ಜೊತೆ ಬರುವುದು ಬರೀ ನೀರಲ್ಲ, ಬಹಳ ಸಲ ಸಮುದ್ರದ ನೀರಿಗಿಂತಲೂ ಉಪ್ಪಾದ ನೀರು. ಅದರಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಮೆಗ್ನೀಷಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಇರುತ್ತವೆ. ಕುಲುಮೆಯಲ್ಲಿ ತೈಲ 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋದಾಗ ಈ ಎರಡು ಉಪ್ಪುಗಳು ನೀರಿನ ಆವಿಯ ಜೊತೆ ಸೇರಿ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತವೆ. ಅನಿಲವಾಗಿದ್ದಾಗ ಅಷ್ಟು ತೊಂದರೆ ಇಲ್ಲ. ಅದು ಬಟ್ಟಿ ಗೋಪುರದ ತುದಿಗೆ ಹೋಗಿ, ಅಲ್ಲಿ ಆವಿ ತಣಿದು ಮೊದಲ ನೀರಿನ ಹನಿ ಮೂಡುವ ಜಾಗದಲ್ಲಿ ಕರಗುತ್ತದೆ. ಆಗ ಅದು ಹೈಡ್ರೋಕ್ಲೋರಿಕ್ ಆಮ್ಲ. ಉಕ್ಕಿನ ಪೈಪನ್ನು ತಿಂದು ಹಾಕುತ್ತದೆ.

ಸೋಡಿಯಂ ಕ್ಲೋರೈಡ್ ಅಷ್ಟಾಗಿ ಒಡೆಯುವುದಿಲ್ಲ. ಆದರೆ ಸೋಡಿಯಂ ತಳದ ಭಾರ ತೈಲದಲ್ಲಿ ಉಳಿದು ಮುಂದಿನ ಘಟಕಗಳ ಕ್ಯಾಟಲಿಸ್ಟ್ (ವೇಗವರ್ಧಕ) ಹಾಳು ಮಾಡುತ್ತದೆ, ಕುಲುಮೆಯ ಕೊಳವೆಗಳಲ್ಲಿ ಕರಿ ಕಟ್ಟಲು ಕಾರಣವಾಗುತ್ತದೆ. ಇನ್ನು ನೀರೇ ಒಮ್ಮೆಲೇ ದೊಡ್ಡದಾಗಿ ಒಳಗೆ ನುಗ್ಗಿದರೆ? ವಾತಾವರಣದ ಒತ್ತಡದಲ್ಲಿ ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಗೋಪುರದೊಳಗಿನ ತಟ್ಟೆಗಳು ಕಿತ್ತು ಬರಲು ಅಷ್ಟು ಸಾಕು. ತಲೆ ಕೆಡಿಸಿಕೊಳ್ಳಲೇಬೇಕು.

ಅದಕ್ಕಾಗಿ ಮಾಡುವ ಕೆಲಸ ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ನೀರು ತೆಗೆಯಲು ಮೊದಲು ನೀರು ಹಾಕುತ್ತಾರೆ! ತೈಲದ ಶೇ. 4ರಿಂದ 8ರಷ್ಟು ಸಿಹಿನೀರು ಸೇರಿಸಿ, ಮಿಕ್ಸ್ ವಾಲ್ವ್‌ನಲ್ಲಿ ಹಿಂಡಿ ಬೆರೆಸುತ್ತಾರೆ. ಆ ನೀರಿನ ಹನಿಗಳು ಉಪ್ಪುನೀರಿನ ಹನಿಗಳ ಜೊತೆ ಸೇರಿ ಉಪ್ಪನ್ನು ತೊಳೆದುಕೊಳ್ಳುತ್ತವೆ. ಆಮೇಲೆ ಡೀಸಾಲ್ಟರ್ ಅನ್ನೋ ಉದ್ದನೆಯ, ಅಡ್ಡಲಾಗಿ ಮಲಗಿಸಿದ ಪಾತ್ರೆಯಲ್ಲಿ ಎಲ್ಲ ನೀರನ್ನೂ ಒಟ್ಟಿಗೆ ಇಳಿಸಬೇಕು. ಬೆರೆಸುವುದು ಕಡಿಮೆಯಾದರೆ ಉಪ್ಪು ತೊಳೆಯುವುದಿಲ್ಲ, ಜಾಸ್ತಿಯಾದರೆ ಒಡೆಯಲಾಗದ ಎಮಲ್ಷನ್ ನಾವೇ ಮಾಡಿಟ್ಟ ಹಾಗೆ.

ಪ್ರಶ್ನೆ: ಡಿಮಲ್ಸಿಫೈಯರ್ ಅಂದರೆ ಒಂದು ಬಗೆಯ ಸೋಪು ಅಂತ ಓದಿದೆ. ಸೋಪು ಎಣ್ಣೆ ಮತ್ತು ನೀರನ್ನು ಬೆರೆಸುತ್ತದೆ. ಇದು ಬೇರ್ಪಡಿಸುತ್ತದೆ. ಎರಡೂ ಹೇಗೆ ಸರಿ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ, ಮತ್ತು ನಿಮಗೆ ಬಂದ ಅನುಮಾನ ಸರಿಯಾಗಿಯೇ ಇದೆ. ಎರಡೂ ಒಂದೇ ಕುಟುಂಬದವು. ಎರಡರ ಅಣುಗಳಲ್ಲೂ ಒಂದು ಭಾಗಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ ಇಷ್ಟ. ಆದ್ದರಿಂದ ಎರಡೂ ನೀರು ಮತ್ತು ಎಣ್ಣೆಯ ಗಡಿಗೇ ಹೋಗಿ ಕೂರುತ್ತವೆ. ಅಲ್ಲಿ ಹೋಗಿ ಏನು ಮಾಡುತ್ತವೆ ಅನ್ನುವುದರಲ್ಲಿ ವ್ಯತ್ಯಾಸ.

ಸೋಪಿನ ಅಣುಗಳು ಒತ್ತೊತ್ತಾಗಿ ನಿಂತು ಹನಿಗೆ ರಕ್ಷಣೆ ಕೊಡುತ್ತವೆ. ಡಿಮಲ್ಸಿಫೈಯರ್ ಅಣು ದೊಡ್ಡದು, ಕೊಂಬೆಕೊಂಬೆಯಾಗಿ ಹರಡಿಕೊಂಡದ್ದು. ಅದು ಅಸ್ಫಾಲ್ಟೀನ್‌ಗಿಂತ ಹೆಚ್ಚು ಆಸೆಯಿಂದ ಗಡಿಗೆ ಬರುತ್ತದೆ, ಅಲ್ಲಿದ್ದ ಅಸ್ಫಾಲ್ಟೀನನ್ನು ತಳ್ಳಿ ಜಾಗ ಹಿಡಿಯುತ್ತದೆ. ಆದರೆ ತಾನು ಗಟ್ಟಿ ಪೊರೆ ಕಟ್ಟುವುದಿಲ್ಲ. ಇನ್ನೊಂದು ವಿಷಯವೂ ಇದೆ. ಎರಡು ಹನಿಗಳು ಹತ್ತಿರ ಬಂದಾಗ ನಡುವೆ ಸಿಕ್ಕಿಕೊಂಡ ಎಣ್ಣೆಯ ತೆಳು ಪದರ ಹೊರಗೆ ಹರಿದು ಹೋಗಬೇಕು. ಹರಿಯುವಾಗ ಅದು ಪೊರೆಯ ಅಣುಗಳನ್ನೂ ಎಳೆದುಕೊಂಡು ಹೋಗುತ್ತದೆ, ಮಧ್ಯದಲ್ಲಿ ಖಾಲಿ ಬಿದ್ದ ಜಾಗದ ಮೇಲ್ಮೈ ಎಳೆತ ಏರಿ ಅಣುಗಳನ್ನೂ ಎಣ್ಣೆಯನ್ನೂ ವಾಪಸ್ ಎಳೆಯುತ್ತದೆ. ಪದರ ಮತ್ತೆ ದಪ್ಪವಾಗುತ್ತದೆ, ಹನಿಗಳು ಬಚಾವ್. ಡಿಮಲ್ಸಿಫೈಯರ್ ಇದ್ದರೆ ಆ ಖಾಲಿ ಜಾಗಕ್ಕೆ ಅದರ ಅಣುಗಳು ತಕ್ಷಣ ಓಡಿ ಬಂದು ಎಳೆತವನ್ನು ಸಮ ಮಾಡಿಬಿಡುತ್ತವೆ. ವಾಪಸ್ ಎಳೆಯಲು ಏನೂ ಇಲ್ಲ. ಪದರ ತೆಳ್ಳಗಾಗುತ್ತಾ ಹೋಗಿ ಒಡೆಯುತ್ತದೆ, ಎರಡು ಹನಿ ಒಂದಾಗುತ್ತವೆ.

ಡಬ್ಬಿಯಲ್ಲಿ ಏನಿರುತ್ತದೆ ಅಂದರೆ, ಸಾಮಾನ್ಯವಾಗಿ ಎಥಿಲೀನ್ ಆಕ್ಸೈಡ್ ಮತ್ತು ಪ್ರೊಪಿಲೀನ್ ಆಕ್ಸೈಡ್ ಸೇರಿಸಿ ಕಟ್ಟಿದ ಪಾಲಿಮರ್‌ಗಳು. ಮೊದಲನೆಯದು ನೀರಿನ ಕಡೆ ವಾಲುತ್ತದೆ, ಎರಡನೆಯದು ಎಣ್ಣೆಯ ಕಡೆ. ಈ ಎರಡರ ಪ್ರಮಾಣ ಬದಲಿಸಿ ಬೇಕಾದ ಗುಣ ತರುತ್ತಾರೆ. ಆಲ್ಕೈಲ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನ ರೆಸಿನ್‌ಗಳ ಮೇಲೂ ಇವನ್ನು ಕಟ್ಟುತ್ತಾರೆ. ಒಂದು ಅಣು ನೀರನ್ನು ಬೇಗ ಇಳಿಸಲು ಒಳ್ಳೆಯದು, ಇನ್ನೊಂದು ಕೊನೆಯ ಸಣ್ಣ ಹನಿಗಳನ್ನು ಒಣಗಿಸಲು. ಆದ್ದರಿಂದ ಎರಡು ಮೂರು ಬೆರೆಸಿಯೇ ಮಾರುತ್ತಾರೆ. ಇವನ್ನೆಲ್ಲ ಕರಗಿಸಿಡಲು ಕ್ಸೈಲೀನ್ ಅಥವಾ ಭಾರವಾದ ಅರೋಮ್ಯಾಟಿಕ್ ನಾಫ್ತಾ ಹಾಕಿರುತ್ತಾರೆ.

ಪ್ರಶ್ನೆ: ನಮ್ಮ ಘಟಕದಲ್ಲಿ ಕಚ್ಚಾ ತೈಲ ಬದಲಾದ ದಿನ ಡೀಸಾಲ್ಟರ್‌ನಿಂದ ಹೊರಗೆ ಹೋಗುವ ನೀರು ಕಂದು ಬಣ್ಣಕ್ಕೆ ತಿರುಗಿತು. ಡಿಮಲ್ಸಿಫೈಯರ್ ಡೋಸ್ ದುಪ್ಪಟ್ಟು ಮಾಡಿದೆವು. ನೀರು ಇನ್ನೂ ಕಪ್ಪಾಯಿತು. ಎಲ್ಲಿ ತಪ್ಪಿದ್ದೇವೆ?

ಉತ್ತರ: ಡೋಸ್ ಏರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯದಾಗಿರಬೇಕು.

ಮೇಲೆ ಹೇಳಿದೆ, ಇದು ಸೋಪಿನ ಕುಟುಂಬದ್ದು. ಹನಿಗಳ ಗಡಿಯಲ್ಲಿ ಜಾಗ ತುಂಬಿದ ಮೇಲೂ ಸುರಿಯುತ್ತಾ ಹೋದರೆ, ಉಳಿದ ಅಣುಗಳು ತಾವೇ ಎಮಲ್ಷನ್ ಕಟ್ಟಲು ಶುರು ಮಾಡುತ್ತವೆ. ಈ ಸಲ ಉಲ್ಟಾ: ನೀರಿನೊಳಗೆ ಎಣ್ಣೆಯ ಹನಿ. ನಿಮ್ಮ ಕಪ್ಪು ನೀರು ಬಹುಶಃ ಅದೇ. ಈಗಿನ ರಾಸಾಯನಿಕಗಳು ತುಂಬಾ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ದಿನಕ್ಕೆ ಒಂದು ಲಕ್ಷ ಬ್ಯಾರಲ್ ಓಡಿಸುವ ಘಟಕಕ್ಕೆ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 10 ಭಾಗ) ಅಂದರೆ ಇಡೀ ದಿನಕ್ಕೆ ಸುಮಾರು 160 ಲೀಟರ್. ಇಷ್ಟು ಸೂಕ್ಷ್ಮ ಅಳತೆಯಲ್ಲಿ ದುಪ್ಪಟ್ಟು ಅನ್ನುವುದು ದೊಡ್ಡ ಬದಲಾವಣೆ. ಮೊದಲು ಹಳೆಯ ಡೋಸಿಗೆ ವಾಪಸ್ ಬನ್ನಿ.

ಆಮೇಲೆ ಡೀಸಾಲ್ಟರ್ ಪಕ್ಕದ ಟ್ರೈ ಕಾಕ್‌ಗಳ ಹತ್ತಿರ ಹೋಗಿ. ಬೇರೆ ಬೇರೆ ಎತ್ತರದಿಂದ ಮಾದರಿ ತೆಗೆಯುವ ಆ ಸಣ್ಣ ನಲ್ಲಿಗಳು ಹೇಳುವಷ್ಟು ನಿಜವನ್ನು ಕಂಟ್ರೋಲ್ ರೂಮಿನ ಪರದೆ ಹಲವು ಸಲ ಹೇಳುವುದಿಲ್ಲ. ಕೆಳಗಿನಿಂದ ಶುರು ಮಾಡಿ ಒಂದೊಂದೇ ಬಾಟಲಿ ತುಂಬಿ ಸಾಲಾಗಿ ಇಡಿ. ಕೆಳಗಿನದರಲ್ಲಿ ನೀರು, ಮೇಲಿನದರಲ್ಲಿ ತೈಲ ಇರಬೇಕು. ಮಧ್ಯದ ಒಂದು ಬಾಟಲಿಯಲ್ಲಿ ದಪ್ಪನೆಯ ಕಂದು ನೊರೆಯಂಥದ್ದು ಬಂದು, ಬಾಟಲಿ ಓರೆ ಮಾಡಿದರೆ ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಜಾರುತ್ತಿದ್ದರೆ ಅದೇ ರಾಗ್ ಲೇಯರ್. ಒಡೆಯದ ಎಮಲ್ಷನ್ ಮತ್ತು ಕೆಸರು ಸೇರಿ ಆದದ್ದು. ಎರಡು ಮೂರು ಬಾಟಲಿಗಳಲ್ಲಿ ಅದೇ ಬಂದರೆ ಪದರ ಬೆಳೆದಿದೆ ಅಂತ ಅರ್ಥ. ಮೇಲಕ್ಕೆ ಬೆಳೆದರೆ ಪಾತ್ರೆಯೊಳಗಿನ ವಿದ್ಯುತ್ ಗ್ರಿಡ್ (ಹನಿಗಳನ್ನು ಕೂಡಿಸಲು ವಿದ್ಯುತ್ತು ಕೊಡುವ ಜಾಲರಿ) ತಾಗಿ ವಿದ್ಯುತ್ತಿನ ಆಂಪ್ಸ್ ಏರುತ್ತದೆ, ಕೆಳಕ್ಕೆ ಬೆಳೆದರೆ ಎಣ್ಣೆ ನೀರಿನ ಜೊತೆ ಹೊರಗೆ ಹೋಗುತ್ತದೆ. ಮಾದರಿ ತೆಗೆಯುವಾಗ ಎಚ್ಚರ ಇರಲಿ. ಒಳಗಿರುವುದು 130 ಡಿಗ್ರಿಯ ದ್ರವ, ಒತ್ತಡದಲ್ಲಿ ಇದೆ, ಹೈಡ್ರೋಜನ್ ಸಲ್ಫೈಡ್ ಬರಬಹುದು. ಮಾದರಿಯ ಕೂಲರ್ ಮತ್ತು ಅನಿಲದ ಅಲಾರಂ ಇಲ್ಲದೆ ನಲ್ಲಿ ಮುಟ್ಟಬೇಡಿ.

ಈಗ ಕಾರಣ ಹುಡುಕುವುದು. ತೈಲ ಬದಲಾಯಿತು ಅಂದಿರಿ. ಹೊಸ ತೈಲ ಮಂದವಾಗಿದ್ದರೆ ತಾಪಮಾನ ಸಾಕಾಗುತ್ತಿದೆಯಾ ನೋಡಿ, 120ರಿಂದ 150 ಡಿಗ್ರಿ ನಡುವೆ ಓಡಿಸುವುದು ರೂಢಿ. ಮಿಕ್ಸ್ ವಾಲ್ವ್ ಹಳೆಯ ತೈಲಕ್ಕೆ ಇಟ್ಟ ಒತ್ತಡದಲ್ಲೇ ಇದೆಯಾ? ಸ್ವಲ್ಪ ತೆರೆದು ಕಾದು ನೋಡಿ. ಎರಡು ತೈಲ ಬೆರೆಸಿದ್ದೀರಾ? ಒಂದರಲ್ಲಿ ಅಸ್ಫಾಲ್ಟೀನ್ ಜಾಸ್ತಿ, ಇನ್ನೊಂದು ತೆಳ್ಳಗಿನ ಪ್ಯಾರಾಫಿನ್ ತೈಲ ಆದರೆ ಅಸ್ಫಾಲ್ಟೀನ್ ಕರಗಿ ಉಳಿಯದೆ ಹೊರಬಿದ್ದು ನೇರ ಹನಿಗಳ ಮೈಗೆ ಅಂಟುತ್ತದೆ. ಬಿಡಿಬಿಡಿಯಾಗಿ ಎರಡೂ ಸುಲಭದ ತೈಲಗಳು, ಒಟ್ಟಿಗೆ ಸೇರಿದರೆ ಗೋಳು.

ಮತ್ತೊಂದನ್ನು ಬಹಳ ಜನ ಮರೆಯುತ್ತಾರೆ. ತೊಳೆಯುವ ನೀರಿನ ಪಿಎಚ್. ಹಲವು ಕಡೆ ಸೋರ್ ವಾಟರ್ ಸ್ಟ್ರಿಪ್ಪರ್‌ನಿಂದ (ಘಟಕದ ಬಳಸಿದ ನೀರಿನಿಂದ ಹೈಡ್ರೋಜನ್ ಸಲ್ಫೈಡ್, ಅಮೋನಿಯಾ ತೆಗೆಯುವ ಗೋಪುರ) ಬಂದ ನೀರನ್ನೇ ಇಲ್ಲಿ ಬಳಸುತ್ತಾರೆ, ಅದು ಒಳ್ಳೆಯ ಉಳಿತಾಯವೇ. ಆದರೆ ಅದರಲ್ಲಿ ಅಮೋನಿಯಾ ಉಳಿದು ಪಿಎಚ್ ಏರಿದರೆ ತೈಲದ ನ್ಯಾಫ್ತೆನಿಕ್ ಆಮ್ಲಗಳು ಸೋಪಾಗಿ ಬದಲಾಗುತ್ತವೆ, ಅಸಲಿ ಸೋಪು. ಒಂದು ಕಡೆ ಎಮಲ್ಷನ್ ಒಡೆಯಲು ರಾಸಾಯನಿಕ ಹಾಕುತ್ತಾ ಇನ್ನೊಂದು ಕಡೆ ಎಮಲ್ಷನ್ ಕಟ್ಟುವ ಸೋಪನ್ನು ಪಾತ್ರೆಯೊಳಗೇ ತಯಾರಿಸುತ್ತಾ ಇದ್ದರೆ ಎಷ್ಟು ಡೋಸ್ ಏರಿಸಿದರೂ ಸಾಕಾಗುವುದಿಲ್ಲ. ನನ್ನನ್ನು ಕೇಳಿದರೆ ಪಿಎಚ್ ಮೊದಲು ನೋಡಿ, ಐದು ನಿಮಿಷದ ಕೆಲಸ.

ಇಷ್ಟೆಲ್ಲ ಸರಿ ಇದ್ದೂ ತೊಂದರೆ ಇದ್ದರೆ ಆಗ ರಾಸಾಯನಿಕದ ಕಡೆ ಬನ್ನಿ. ಡೋಸ್ ಒಂದೆರಡು ಪಿಪಿಎಂ ಬದಲಿಸಿ, ಪಾತ್ರೆ ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಡಿ, ಆಮೇಲೆ ಮುಂದಿನ ಬದಲಾವಣೆ. ಒಂದೇ ಸಲ ಎರಡು ಗುಂಡಿ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನೂರಾರು ಬಗೆಯ ಡಿಮಲ್ಸಿಫೈಯರ್ ಇವೆಯಂತೆ. ಯಾವುದು ಒಳ್ಳೆಯದು ಅಂತ ಹೇಗೆ ಆರಿಸುತ್ತಾರೆ? ಕಂಪ್ಯೂಟರ್ ಲೆಕ್ಕ ಇದೆಯಾ?

ಉತ್ತರ: ಈಗಲೂ ಬಾಟಲಿಯನ್ನೇ ನಂಬುತ್ತಾರೆ. ಬಾಟಲ್ ಟೆಸ್ಟ್ ಅಂತಲೇ ಹೆಸರು. ಎಲ್ಲ ತೈಲಕ್ಕೂ ಹೊಂದುವ ಒಂದು ಡಿಮಲ್ಸಿಫೈಯರ್ ಇಲ್ಲವೇ ಇಲ್ಲ, ಒಂದು ತೈಲದಲ್ಲಿ ಗೆದ್ದದ್ದು ಪಕ್ಕದ ಬಾವಿಯ ತೈಲದಲ್ಲಿ ಸೋಲಬಹುದು.

100 ಮಿಲಿಲೀಟರ್‌ನ ಗೆರೆ ಇರುವ ಬಾಟಲಿಗಳಿಗೆ ಒಂದೇ ಮಾದರಿಯ ಎಮಲ್ಷನ್ ಹಾಕಿ, ಬಿಸಿನೀರಿನ ತೊಟ್ಟಿಯಲ್ಲಿ ಕಾಯಿಸಿ, ಒಂದೊಂದಕ್ಕೆ ಒಂದೊಂದು ರಾಸಾಯನಿಕ ಹನಿಸುತ್ತಾರೆ. ಒಂದನ್ನು ಏನೂ ಹಾಕದೆ ಬಿಡುತ್ತಾರೆ, ಹೋಲಿಸಲು ಅದು ಬೇಕೇ ಬೇಕು. ಎಲ್ಲವನ್ನೂ ಒಂದೇ ಸಮ ಕುಲುಕಿ ಮತ್ತೆ ತೊಟ್ಟಿಗೆ ಇಟ್ಟು ನಿಮಿಷ ನಿಮಿಷಕ್ಕೂ ನೀರು ಎಷ್ಟು ಇಳಿಯಿತು ಅಂತ ಬರೆದುಕೊಳ್ಳುತ್ತಾರೆ.

ಬೇಗ ನೀರು ಇಳಿಸಿದ್ದೇ ಗೆದ್ದಿತು ಅಂದುಕೊಳ್ಳಬೇಡಿ. ಬಾಟಲಿಯನ್ನು ಬೆಳಕಿಗೆ ಹಿಡಿದು ಗಡಿಯನ್ನು ನೋಡಬೇಕು. ಗೆರೆ ಎಳೆದಂತೆ ನೇರವಾಗಿದೆಯಾ, ಇಲ್ಲ ಚಿಂದಿ ಚಿಂದಿಯಾಗಿ ನೇತಾಡುತ್ತಿದೆಯಾ? ಕೆಳಗಿನ ನೀರು ತಿಳಿಯಾಗಿದೆಯಾ? ಆಮೇಲೆ ಮೇಲಿನ ತೈಲದಿಂದ ಸ್ವಲ್ಪ ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಇನ್ನೂ ಎಷ್ಟು ನೀರು ಅಡಗಿದೆ ಅಂತ ಅಳೆಯಬೇಕು. ಮೊದಲ ಐದು ನಿಮಿಷದಲ್ಲಿ ಎಲ್ಲರಿಗಿಂತ ಮುಂದೆ ಓಡಿದ ಬಾಟಲಿ ಈ ಕೊನೆಯ ಅಳತೆಯಲ್ಲಿ ಹಿಂದೆ ಬೀಳುವುದು ಅಪರೂಪವಲ್ಲ.

ತಾಜಾ ಮಾದರಿಯಲ್ಲೇ ಮಾಡಬೇಕು ಅನ್ನುವುದನ್ನು ಗಟ್ಟಿಯಾಗಿ ಹೇಳುತ್ತೇನೆ. ವಾರಗಟ್ಟಲೆ ಕಪಾಟಿನಲ್ಲಿದ್ದ ತೈಲದಲ್ಲಿ ಪೊರೆ ಬೇರೆಯೇ ಆಗಿರುತ್ತದೆ. ಅದರ ಮೇಲೆ ಬಂದ ಫಲಿತಾಂಶ ಘಟಕದಲ್ಲಿ ಕೈ ಕೊಡುತ್ತದೆ.

ಪ್ರಶ್ನೆ: ಡೀಸಾಲ್ಟರ್‌ನಲ್ಲಿ ವಿದ್ಯುತ್ತು ಯಾಕೆ? ರಾಸಾಯನಿಕ ಸಾಕಾಗಲ್ವಾ? ಯಾರು ಕಂಡುಹಿಡಿದದ್ದು?

ಉತ್ತರ: ಪೊರೆ ಸಡಿಲಾದರೆ ಸಾಲದು, ಹನಿಗಳು ಒಂದನ್ನೊಂದು ಭೇಟಿಯಾಗಬೇಕು. ತೈಲ ಪಾತ್ರೆಯಲ್ಲಿ ಇರುವುದು ಅರ್ಧ ಗಂಟೆಯ ಆಸುಪಾಸು ಮಾತ್ರ. 15ರಿಂದ 30 ಸಾವಿರ ವೋಲ್ಟ್‌ನ ಕ್ಷೇತ್ರ ಕೊಟ್ಟರೆ ಪ್ರತಿ ನೀರಿನ ಹನಿಯ ಒಂದು ತುದಿ ಧನ, ಇನ್ನೊಂದು ತುದಿ ಋಣ ಆಗುತ್ತದೆ. ಪಕ್ಕದ ಹನಿಯ ಎದುರು ತುದಿಯನ್ನು ಎಳೆದುಕೊಳ್ಳುತ್ತದೆ. ಸೇರಿ ಸೇರಿ ದೊಡ್ಡದಾಗಿ ಕೆಳಗಿಳಿಯುತ್ತವೆ.

ಇದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಅಮೆರಿಕದ ಫ್ರೆಡರಿಕ್ ಕಾಟ್ರೆಲ್ ಪ್ರಮುಖರು. ಕಾರ್ಖಾನೆ ಚಿಮಣಿಗಳ ಹೊಗೆಯಿಂದ ಧೂಳನ್ನು ವಿದ್ಯುತ್ತಿನಿಂದ ಹಿಡಿಯುವ ಯಂತ್ರ ಮಾಡಿದವರೂ ಅವರೇ. ತೈಲದ ನೀರು ತೆಗೆಯುವ ಅವರ ಪೇಟೆಂಟ್‌ಗಳು 1911ರವು. ರಾಸಾಯನಿಕದ ದಾರಿಯಲ್ಲಿ ಮೊದಲ ಹೆಸರು ವಿಲಿಯಂ ಬಾರ್ನಿಕೆಲ್ ಅವರದು. ಕಬ್ಬಿಣದ ಸಲ್ಫೇಟ್ ಬಳಸಿ ಎಮಲ್ಷನ್ ಒಡೆಯುವ ವಿಧಾನಕ್ಕೆ 1914ರಲ್ಲಿ ಪೇಟೆಂಟ್ ಪಡೆದರು. ಒಂದೇ ಕಾಲದಲ್ಲಿ ಹುಟ್ಟಿದ ಈ ಎರಡು ದಾರಿ ಇವತ್ತು ಒಂದೇ ಪಾತ್ರೆಯಲ್ಲಿ ಕೂಡಿ ಕೆಲಸ ಮಾಡುತ್ತಿವೆ.

ಪ್ರಶ್ನೆ: ಇದೇ ಡಿಮಲ್ಸಿಫೈಯರನ್ನು ಕೊಳಚೆ ನೀರಿನ ಎಣ್ಣೆ ತೆಗೆಯಲು ಬಳಸಬಹುದಾ?

ಉತ್ತರ: ಇಲ್ಲ. ಅಲ್ಲಿ ನೀರಿನೊಳಗೆ ಎಣ್ಣೆ ಇರುತ್ತದೆ, ಹನಿಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶ ಇರುತ್ತದೆ. ಅದನ್ನು ತಣಿಸಲು ಧನ ವಿದ್ಯುದಂಶದ ಪಾಲಿಮರ್, ಇಲ್ಲವೇ ಆಲಂ ಅಥವಾ ಕಬ್ಬಿಣದ ಲವಣ ಬೇಕು. ಅವನ್ನು ರಿವರ್ಸ್ ಎಮಲ್ಷನ್ ಬ್ರೇಕರ್ ಅಂತ ಕರೆಯುತ್ತಾರೆ. ಆಮೇಲೆ ಗಾಳಿಯ ಗುಳ್ಳೆ ಬಿಟ್ಟು ಎಣ್ಣೆಯನ್ನು ಮೇಲೆ ತೇಲಿಸಿ ಕೆನೆಯಂತೆ ತೆಗೆಯುತ್ತಾರೆ.

ಪ್ರಶ್ನೆ: ಡ್ರಮ್ಮಿನಿಂದ ಡಿಮಲ್ಸಿಫೈಯರ್ ವರ್ಗಾಯಿಸುವ ಕೆಲಸ ನನ್ನದು. ವಾಸನೆಗೆ ತಲೆ ಸುತ್ತುತ್ತದೆ. ಅಪಾಯ ಇದೆಯಾ?

ಉತ್ತರ: ಇದೆ, ಮತ್ತು ತಲೆ ಸುತ್ತುವುದನ್ನು ಅಭ್ಯಾಸ ಆಗುತ್ತೆ ಅಂತ ಬಿಡಬೇಡಿ. ಆ ವಾಸನೆ ಹೆಚ್ಚಾಗಿ ಕ್ಸೈಲೀನ್‌ನಂಥ ದ್ರಾವಕದ್ದು. ಉಸಿರಿನಲ್ಲಿ ಹೋದರೆ ತಲೆನೋವು, ತಲೆಸುತ್ತು ತರುತ್ತದೆ, ಚರ್ಮದಿಂದಲೂ ಒಳಗೆ ಹೋಗುತ್ತದೆ, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ತಲೆ ಸುತ್ತಿದ ತಕ್ಷಣ ಕೆಲಸ ನಿಲ್ಲಿಸಿ ಗಾಳಿಗೆ ಬನ್ನಿ, ಮೇಲಿನವರಿಗೆ ತಿಳಿಸಿ, ವೈದ್ಯರಿಗೆ ತೋರಿಸಿ. ಡ್ರಮ್ಮಿನ ಜೊತೆ ಬರುವ ಸುರಕ್ಷತಾ ಹಾಳೆಯನ್ನು ಕೇಳಿ ಪಡೆಯಿರಿ, ಕೈಗವಸು ಮತ್ತು ಮುಖವಾಡ ಯಾವ ಬಗೆಯದು ಅಂತ ಅದರಲ್ಲೇ ಬರೆದಿರುತ್ತದೆ. ಧೂಳಿನ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಡ್ರಮ್ಮು ಮತ್ತು ಪಂಪಿಗೆ ಅರ್ತಿಂಗ್ ಇಲ್ಲದೆ ವರ್ಗಾವಣೆ ಶುರು ಮಾಡಲೇಬಾರದು. ಕೇಳಿದ್ದು ಒಳ್ಳೆಯದಾಯಿತು.

ಪರಿಸರದ ಬಗ್ಗೆಯೂ ಇಬ್ಬರು ಕೇಳಿದ್ದೀರಿ. ನೋನೈಲ್ ಫೀನಾಲ್‌ನಿಂದ ಮಾಡಿದ ಹಳೆಯ ಬಗೆಗಳು ನೀರಿನಲ್ಲಿ ಒಡೆದು ಮೀನುಗಳ ಹಾರ್ಮೋನ್ ವ್ಯವಸ್ಥೆ ಕೆಡಿಸುತ್ತವೆ. ಯುರೋಪಿಯನ್ ಒಕ್ಕೂಟ 2003ರಲ್ಲೇ ಇವುಗಳ ಹಲವು ಬಳಕೆಗಳಿಗೆ ಕಡಿವಾಣ ಹಾಕಿತು. ಬದಲಿ ಅಣುಗಳು ಇವೆ, ಕೇಳಿ ತರಿಸಿಕೊಳ್ಳಬೇಕು.

ಪ್ರಶ್ನೆ: ಏನು ಮಾಡಿದರೂ ಒಡೆಯದ ರಾಗ್ ಲೇಯರ್ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಉತ್ತರ: ಹೊರಗೆಳೆದು ಸ್ಲಾಪ್ ಟ್ಯಾಂಕಿಗೆ, ಅಂದರೆ ಕೆಟ್ಟ, ಬೆರಕೆ ತೈಲ ಕೂಡಿಡುವ ಟ್ಯಾಂಕಿಗೆ. ಅಲ್ಲಿಂದ ಮುಂದೆ ಏನು ಮಾಡುತ್ತಾರೆ ಅನ್ನುವುದು ಮುಖ್ಯ. ಅದನ್ನು ಹಾಗೇ ಕಚ್ಚಾ ತೈಲಕ್ಕೆ ಸೇರಿಸಿ ಮತ್ತೆ ಡೀಸಾಲ್ಟರ್‌ಗೆ ಕಳಿಸಿದರೆ ಅದೇ ಕೆಸರು, ಅದೇ ಗಟ್ಟಿ ಪೊರೆಯ ಹನಿಗಳು ವಾಪಸ್ ಬಂದು ಇನ್ನೂ ದೊಡ್ಡ ರಾಗ್ ಲೇಯರ್ ಕಟ್ಟುತ್ತವೆ, ಅದು ಮತ್ತೆ ಸ್ಲಾಪ್ ಟ್ಯಾಂಕಿಗೆ ಹೋಗುತ್ತದೆ. ಇದು ತಿಂಗಳುಗಟ್ಟಲೆ ಸುತ್ತಬಹುದು. ಪ್ರತ್ಯೇಕವಾಗಿ ಕಾಯಿಸಿ, ಅದಕ್ಕೇ ಹೊಂದುವ ಬೇರೆ ಡಿಮಲ್ಸಿಫೈಯರ್ ಹಾಕಿ, ಕಣಗಳು ಜಾಸ್ತಿ ಇದ್ದರೆ ಸೆಂಟ್ರಿಫ್ಯೂಜ್‌ನಲ್ಲಿ ತೈಲ, ನೀರು, ಕೆಸರು ಅಂತ ಮೂರು ಭಾಗ ಮಾಡಿ, ಬಂದ ತೈಲವನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ, ಒಂದೇ ಸಮ ವೇಗದಲ್ಲಿ ಸೇರಿಸಬೇಕು. ರಾತ್ರಿ ಪಾಳಿಯಲ್ಲಿ ಟ್ಯಾಂಕ್ ಖಾಲಿ ಮಾಡುವ ಅವಸರದಲ್ಲಿ ಪೂರ್ತಿ ತೆರೆದುಬಿಟ್ಟರೆ, ಬೆಳಗಿನ ಪಾಳಿಯವರು ಬರುವ ಹೊತ್ತಿಗೆ ಆಂಪ್ಸ್ ಏರಿ ಕೂತಿರುತ್ತದೆ.